ಕುಡಿಯುವ ನೀರಿನ ಕೈಪಂಪು

ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಘಟ್ಟವನ್ನೇರತೊಡಗುವ ಎಡೆಯಲ್ಲಿ ಸಂಪಾಜೆ ಇದೆ. ಪಯಸ್ವಿನಿ ನದಿಯು ಈ ಕಡೆಯಿಂದ ಹರಿದು ಕಾಸರಗೋಡಿನ ಬಳಿ ಕಡಲನ್ನು ಸೇರುವುದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಇಂಥ ನಾಡಿನಲ್ಲಿ ಕುಡಿಯುವ ನೀರಿನ ಚಿಂತೆಯೇಕೆ ಎಂದು ಓದುಗರು ಕೇಳಬಹುದು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದು, ಇಳಿಜಾರಿನ ನೆಲದಿಂದ ತೋಡುಗಳ ಮೂಲಕ ಹರಿದುಹೋಗುವುದು. ಏಪ್ರಿಲ್ ತಿಂಗಳಲ್ಲಿ ತೆರೆದ ಬಾವಿಗಳ ತಳ ಕಾಣುವುದುಂಟು. ಮಳೆಗಾಲದಲ್ಲಾದರೋ ಕೊಳೆಯನ್ನು ಹೊತ್ತ ಕೆಂಪು ನೀರು ಬಾವಿಗೇ ಇಳಿಯಬಹುದು. ನೀರಿದ್ದರೆ ಸಾಲದು, ಅದು ಕುಡಿಯಲು ಯೋಗ್ಯವಾಗಿಯೂ ಇರಬೇಕು.

ಈ ಸೀಮೆಯ ಹಿರಿಯರು ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಹೊರತಂದರು. ಮುರಕಲ್ಲಿನ ಅಡಿಯಲ್ಲಿ ಗಟ್ಟಿ ಬಂಡೆಯಿದೆ. ಅದರ ಬಿರುಕುಗಳಲ್ಲಿ ಅಡಗಿರುವ ನೀರನ್ನು ಪಡೆಯಲು ಕೊಳವೆಬಾವಿ ಬೇಕು. ಅದರಿಂದ ನೀರೆತ್ತಲು ಪಂಪು ಬೇಕು.

ನೀರನ್ನು ಮೇಲಿನಿಂದ ಹೀರುವ ಪಂಪು ಇಲ್ಲಿ ನಿರುಪಯೋಗಿ. ನೀರನ್ನು ಮೇಲಕ್ಕೆ ತಳ್ಳುವುದು ವಾಯುಭಾರವೇ ಹೊರತು ನಮ್ಮ ಹೀರುವಿಕೆಯಲ್ಲ. ಆ ಭಾರವು ಹತ್ತು ಮೀಟರುಗಳಿಗಿಂತ ತುಸು ಹೆಚ್ಚಿನ ನೀರಿನ ಕಂಬವನ್ನು ಮಾತ್ರ ಹೊರಬಲ್ಲುದು. ಆದುದರಿಂದ ಆಳದ ಬಾವಿಯಲ್ಲಿ ಸಿಲಿಂಡರನ್ನೇ ನೀರಿನೊಳಗೆ ಇಳಿಸಿ, ಉದ್ದನೆಯ ಸರಳಿನಿಂದ ಪಿಸ್ಟನ್ನನ್ನು ಮೇಲೆಳೆಯುತ್ತಾರೆ.

1967ರಲ್ಲಿ ಉತ್ತರ ಭಾರತದ ಬರಗಾಲದ ಸಂದರ್ಭದಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್, ಬಂಡೆ ಕೊರೆಯುವ ಯಂತ್ರಗಳನ್ನು ನಮ್ಮ ದೇಶಕ್ಕೆ ತರಿಸಿತು. ಬಾವಿಗಳು ಬೇಗಬೇಗನೆ ಸಿದ್ಧವಾದುವು. ಆದರೆ 1974ರಲ್ಲಿ ಅದೇ ಸಂಸ್ಥೆ ಪರಿಶೀಲಿಸಿದಾಗ ನಾಲ್ಕು ಪಂಪುಗಳಲ್ಲಿ ಸುಮಾರು ಮೂರು ಕೆಟ್ಟು ನಿಂತಿದ್ದುವು! ಕಾರಣ ಸರಳವಾಗಿತ್ತು. ಅವು ಯೂರೋಪು, ಅಮೆರಿಕಗಳಲ್ಲಿ ಒಂದೊಂದು ಮನೆಯವರು ಬಳಸುತ್ತಿದ್ದ ಬೀಡುಕಬ್ಬಿಣದ ಪಂಪುಗಳ ನಕಲುಗಳು. ಅಲ್ಲಿ ದಿನಕ್ಕೆ ಕೆಲವು ಸಲ ದುಡಿಯುತ್ತಿದ್ದ ಪಂಪು ಇಲ್ಲಿ ಮುಂಜಾವಿನಿಂದ ಕತ್ತಲೆಯವರೆಗೆ ಇಡೀ ಊರಿಗೆ ದುಡಿಯಬೇಕಾಯಿತು. ಅಲ್ಲದೆ ಹಿಡಿಯ ತುದಿಯು ಕಮಾನಿನ ದಾರಿಯಲ್ಲಿ ಚಲಿಸುತ್ತ ಸರಳನ್ನು ಪಕ್ಕಕ್ಕೆ ಜಗ್ಗುತ್ತಿದ್ದುದರಿಂದ ಕೀಲುಗಳು ಸವೆಯುತ್ತಿದ್ದುವು. ಪಂಪು ಕೆಟ್ಟ ದಿನ ಜನರು ಮತ್ತೆ ಹಳೆಯ ಕೆರೆಗೆ ಕೊಡ ಹಿಡಿದು ಹೋಗುತ್ತಿದ್ದರು. ಹಳೆಯ ಬೇನೆಗಳೂ ಮರಳುತ್ತಿದ್ದುವು.

ಪರಿಹಾರದ ದಾರಿ ಕಂಡದ್ದು ನಮ್ಮ ದೇಶದಲ್ಲಿಯೇ. ಮಹಾರಾಷ್ಟ್ರದ ಜಾಲ್ನಾದಲ್ಲಿಯೂ, ಕನ್ನಡಿಗರೂ ನೆಲಸಿರುವ ಸೊಲ್ಲಾಪುರದಲ್ಲಿಯೂ ಗಟ್ಟಿಮುಟ್ಟಾದ ಉಕ್ಕಿನ ಪಂಪುಗಳು ಅದಾಗಲೇ ರೂಪುಗೊಂಡಿದ್ದುವು. ಸೊಲ್ಲಾಪುರದ ಪಂಪನ್ನು ಆಧಾರವಾಗಿಟ್ಟುಕೊಂಡು ಭಾರತ ಸರ್ಕಾರ, ಯುನಿಸೆಫ್ ಹಾಗೂ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ, 1970ರ ದಶಕದ ಕೊನೆಯ ಭಾಗದಲ್ಲಿ 'ಇಂಡಿಯಾ ಮಾರ್ಕ್ 2' ಎಂಬ ಪಂಪನ್ನು ಹೊರತಂದುವು.

ಅದರ ಗುಟ್ಟನ್ನು ತಿಳಿಯಲು ಬಾವಿಯ ರಾಟೆಯನ್ನು ನೆನೆದರೆ ಸಾಕು. ರಾಟೆ ಎಷ್ಟು ತಿರುಗಿದರೂ ಹಗ್ಗ ನೇರವಾಗಿಯೇ ಇಳಿಯುವುದಷ್ಟೆ. ಹಾಗೆಯೇ ಹಿಡಿಯ ಒಳತುದಿಯಲ್ಲಿರುವ ಬಾಗಿದ ತುಂಡಿನ ಮೇಲೆ ಸರಪಣಿಯೊಂದು ಸುತ್ತಿಕೊಂಡು ಸರಳನ್ನು ನೆಟ್ಟಗೆ ಎಳೆಯುತ್ತದೆ. ಕೀಲಿನಲ್ಲಿ ಮುಚ್ಚಿದ ಬಾಲ್‌ಬೇರಿಂಗುಗಳಿವೆ. ಈಗ ಒಂದು ಲೆಕ್ಕ ಮಾಡೋಣ. ಸಿಲಿಂಡರಿನ ವ್ಯಾಸ 63.5 ಮಿಲಿಮೀಟರು. ನೀರು 30 ಮೀಟರು ಆಳದಲ್ಲಿದ್ದರೆ ಪಿಸ್ಟನ್ನಿನ ಮೇಲೆ ಸುಮಾರು 95 ಕಿಲೋಗ್ರಾಂ ಭಾರ ಬೀಳುವುದು. ಹಿಡಿಯ ಉದ್ದ ತೋಳು ಗಿಡ್ಡ ತೋಳಿನ ಎಂಟರಷ್ಟಿರುವುದರಿಂದ ಸುಮಾರು 12 ಕಿಲೋಗ್ರಾಮಿನ ಬಲ ಸಾಕು. ಸರಳಿನ ತೂಕವನ್ನು ಹಿಡಿಯ ತೂಕವೇ ಬಹುಮಟ್ಟಿಗೆ ಸರಿದೂಗಿಸುವುದು. ಬಾಲಕಿಯೊಬ್ಬಳು ಹೀಗೆ ನಲವತ್ತು ಸಲ ಒತ್ತಿದರೆ ಸುಮಾರು 15 ಲೀಟರು ನೀರು ಬರುವುದು.

ಈ ಪಂಪಿಗೆ ಹಕ್ಕುಪತ್ರದ ಬೇಲಿಯಿರಲಿಲ್ಲ. ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಅದು ಆಫ್ರಿಕದ ಅನೇಕ ದೇಶಗಳಿಗೂ ಹೋಯಿತು. ಆದರೂ ಒಂದು ಕೊರತೆ ಉಳಿಯಿತು. ಸವೆದ ಚರ್ಮದ ವಾಷರನ್ನು ಬದಲಿಸಲು ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವಾಹನವೂ ಆಳುಗಳೂ ದೂರದ ಪಟ್ಟಣದಿಂದ ಬರಬೇಕು. 1980ರ ದಶಕದಲ್ಲಿ ಕೊಯಮತ್ತೂರಿನ ಬಳಿ ನಡೆದ ಪ್ರಯೋಗಗಳ ಫಲವಾಗಿ ಬಂದ 'ಮಾರ್ಕ್ 3'ರಲ್ಲಿ, ಕೊಳವೆಯನ್ನು ಅಗಲಮಾಡಿ ಪಿಸ್ಟನ್ನನ್ನಷ್ಟೇ ಅದರೊಳಗಿಂದ ಹೊರತೆಗೆಯುವಂತೆ ಮಾಡಿದರು. ಊರಿನವರೇ ದುರಸ್ತಿ ಮಾಡಿಕೊಳ್ಳುವುದು ಸುಲಭವಾಯಿತು.

ನೆರವಿನ ಯೋಜನೆಗಳೂ ಇದೇ ಪಾಠವನ್ನು ಕಲಿತುವು. ವಿಶ್ವಬ್ಯಾಂಕಿನ ಸಾಲದಿಂದ 1993ರಲ್ಲಿ ಕರ್ನಾಟಕದಲ್ಲಿ ಗ್ರಾಮೀಣ ನೀರು ಸರಬರಾಜು ಮತ್ತು ನೈರ್ಮಲ್ಯ ಯೋಜನೆಯೊಂದು ಮೊದಲಾಯಿತು. 2001ರ ಕೊನೆಯಲ್ಲಿ ಮಂಜೂರಾದ 'ಜಲನಿರ್ಮಲ' ಯೋಜನೆಯು ರಾಜ್ಯದ ಉತ್ತರದ ಹನ್ನೊಂದು ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಗ್ರಾಮದ ನೀರು ಸಮಿತಿಯೂ, ಊರಿನವರ ವಂತಿಗೆಯೂ, ನಿರ್ವಹಣೆಯ ಹೊಣೆಯೂ ಮೊದಲೇ ಗೊತ್ತಾಗಿದ್ದುವು.

2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಮನೆಮನೆಗೆ ನಲ್ಲಿ ಬರುತ್ತಿರುವ ಈ ಕಾಲದಲ್ಲಿಯೂ ಆ ಪಾಠ ಹಳತಾಗಿಲ್ಲ. ನಲ್ಲಿಗೂ ವಾಷರುಂಟು, ಟ್ಯಾಂಕಿಗೂ ಕ್ಲೋರಿನ್ ಬೇಕು. ಕೈಪಂಪಿನ ಸುತ್ತಲಿನ ಕಟ್ಟೆ ಬಿರಿದರೆ ಬಟ್ಟೆ ಒಗೆದ ನೀರು ಬಾವಿಗೇ ಮರಳುವುದು. ರಂಧ್ರಮಯವಾದ ಮುರಕಲ್ಲಿನ ನೆಲದಲ್ಲಿ ಈ ಭಯ ಇನ್ನೂ ಹೆಚ್ಚು. ನಮ್ಮ ಊರಿನ ಪಂಪಿನ ಬಳಿ ಹೋದಾಗ ಕಟ್ಟೆ ಬಿರಿದಿದೆಯೇ, ಚೆಲ್ಲಿದ ನೀರು ಎತ್ತ ಹರಿಯುತ್ತದೆ, ವಾಷರು ಸವೆದರೆ ಬದಲಿಸಬಲ್ಲವರು ಯಾರು ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳೋಣ. ಉತ್ತರ ದೊರೆಯದಿದ್ದರೆ ಅದನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳುವುದೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಕೆಲಸವೇ ಸರಿ.