ಸಿಇಟಿ ಗಣಿತ: ವೇಗದ ಬಗ್ಗೆ ನಾವು ನಂಬಿಕೊಂಡು ಬಂದಿರುವುದು

ಅರವತ್ತು ಪ್ರಶ್ನೆ, 80 ನಿಮಿಷ. ಹಾಗಾದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಸಿಇಟಿ ಬರೆಯಲಿರುವ ಮಕ್ಕಳಿರುವ ಮನೆಗಳಲ್ಲಿ ಈ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಭಾಗಾಕಾರವೇನೋ ಸರಿಯಾಗಿದೆ. ಅದರ ಬೆನ್ನಿಗೇ ಬರುವ ತೀರ್ಮಾನ ಮಾತ್ರ ತಪ್ಪು: ಯಾವ ಲೆಕ್ಕ ಬಂದರೂ 80 ಸೆಕೆಂಡಿನಲ್ಲಿ ಮುಗಿಸುವಷ್ಟು ಕೈ ಚುರುಕಾಗಬೇಕು, ಇಲ್ಲದಿದ್ದರೆ ರ‍್ಯಾಂಕ್ ಕನಸಿನ ಮಾತು ಎಂಬುದು. ಅಪ್ಪ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂರುವುದು, ಮಗಳು ಗಾಬರಿಯಲ್ಲಿ ಮೈನಸ್ ಚಿಹ್ನೆ ಬಿಟ್ಟುಬಿಡುವುದು, ಎಲ್ಲ ಶುರುವಾಗುವುದು ಇಲ್ಲಿಂದಲೇ.

80 ಸೆಕೆಂಡು ಎಂಬುದು ಸರಾಸರಿ, ಗಡುವಲ್ಲ. ಒಂದು ಸಾಮಾನ್ಯ ಪತ್ರಿಕೆಯನ್ನು ಹೀಗೆ ಊಹಿಸಿಕೊಳ್ಳಿ. ಮೂವತ್ತು ಪ್ರಶ್ನೆ ಸಲೀಸು, ತಲಾ 45 ಸೆಕೆಂಡು ಸಾಕು. ಇಪ್ಪತ್ತು ಮಧ್ಯಮ, ತಲಾ ಒಂದೂವರೆ ನಿಮಿಷ. ಇಷ್ಟಕ್ಕೆ 52 ನಿಮಿಷ 30 ಸೆಕೆಂಡು ಖರ್ಚು. ಒಎಂಆರ್ ಹಾಳೆಯ ವೃತ್ತ ತುಂಬಲು ಐದು ನಿಮಿಷ ತೆಗೆದಿಟ್ಟರೂ ಉಳಿದ ಹತ್ತು ಕಷ್ಟದ ಪ್ರಶ್ನೆಗಳಿಗೆ ತಲಾ ಎರಡು ಕಾಲು ನಿಮಿಷ ಸಿಗುತ್ತದೆ. ಅಂದರೆ ಸಮಯ ನಾವು ಹೆದರಿಕೊಂಡಷ್ಟು ಕಡಿಮೆಯಿಲ್ಲ. ಏಳನೆಯ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡು ಆರು ನಿಮಿಷ ಕಳೆದವರಿಗೆ ಮಾತ್ರ ಅದು ಸಾಲುವುದಿಲ್ಲ.

ಹಾಗೆ ಸಿಕ್ಕಿಹಾಕಿಕೊಳ್ಳುವುದರ ಹಿಂದೆಯೂ ಒಂದು ನಂಬಿಕೆಯಿದೆ. ಪ್ರಶ್ನೆಗಳನ್ನು ಕ್ರಮವಾಗಿ ಬಿಡಿಸಿಕೊಂಡು ಹೋಗುವವರೇ ಶಿಸ್ತಿನ ವಿದ್ಯಾರ್ಥಿಗಳು, ಬಿಟ್ಟು ಮುಂದೆ ಹೋಗುವವರು ಸೋತವರು ಎಂದು ಹೈಸ್ಕೂಲಿನಿಂದಲೇ ಹೇಳಿಕೊಟ್ಟಿರುತ್ತೇವೆ. ಐದು ಅಂಕದ ಪ್ರಶ್ನೆ, ಒಂದು ಅಂಕದ ಪ್ರಶ್ನೆ ಎಂಬ ಭೇದವಿರುವ ಬೋರ್ಡ್ ಪರೀಕ್ಷೆಯಲ್ಲಿ ಈ ಹಟಕ್ಕೆ ಒಂದಿಷ್ಟು ಅರ್ಥವಿದೆ, ಅಲ್ಲಿ ಅರ್ಧ ಬಿಡಿಸಿದರೂ ಹಂತಕ್ಕೆ ಅಂಕ ಬರುತ್ತದೆ. ಸಿಇಟಿಯಲ್ಲಿ ಎಲ್ಲದಕ್ಕೂ ಒಂದೇ ಅಂಕ. ಮೂರು ಸಾಲಿನ ಇಂಟಿಗ್ರೇಷನ್ನಿಗೂ ಒಂದು, ಸೆಟ್‌ಗಳ ಮೇಲಿನ ಸುಲಭದ ಪ್ರಶ್ನೆಗೂ ಒಂದು. ಸುಲಭದಿಂದ ಕಷ್ಟಕ್ಕೆ ಎಂಬ ಕ್ರಮವೂ ಇಲ್ಲ. ಬೇರೆ ಬೇರೆ ವರ್ಷನ್ ಕೋಡಿನ ಪತ್ರಿಕೆಗಳಲ್ಲಿ ಪ್ರಶ್ನೆಗಳ ಕ್ರಮ ಅದಲುಬದಲಾಗಿರುವುದರಿಂದ ನಿಮ್ಮ ಕೈಗೆ ಬಂದದ್ದರಲ್ಲಿ ಅತಿ ಸುಲಭದ ಪ್ರಶ್ನೆ ಐವತ್ತೆಂಟನೆಯದಾಗಿರಬಹುದು. ಅಲ್ಲಿಗೆ ತಲುಪದೆ ಬೆಲ್ ಹೊಡೆಸಿಕೊಂಡವರು ಗಣಿತ ಬಾರದೆ ಅಂಕ ಕಳೆದುಕೊಂಡವರಲ್ಲ.

2024ರ ಸಿಇಟಿ ನೆನಪಿರಬಹುದು. ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗಲಾಟೆಯಾಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಅಂಕದ ಮಟ್ಟಿಗೆ ಅದು ಪರಿಹಾರ. ಆದರೆ ಕಂಡರಿಯದ ಆ ಪ್ರಶ್ನೆಗಳ ಜೊತೆ ಗುದ್ದಾಡಿ ಕಳೆದ ನಿಮಿಷಗಳನ್ನು ಯಾವ ಆದೇಶವೂ ಹಿಂದಿರುಗಿಸಲಾರದು. ‘ಇದು ನನಗೆ ಗೊತ್ತಿಲ್ಲ’ ಎಂದು ಹದಿನೈದು ಸೆಕೆಂಡಿನಲ್ಲಿ ಗುರುತಿಸಿ ಪಕ್ಕದಲ್ಲೊಂದು ಗುರುತು ಹಾಕಿ ಮುಂದೆ ಹೋದವರಿಗೆ ಆ ಪತ್ರಿಕೆಯಲ್ಲೂ ಅಷ್ಟು ನಷ್ಟವಾಗಿರಲಾರದು.

ಈಗ ಶಾರ್ಟ್‌ಕಟ್‌ಗಳ ವಿಷಯಕ್ಕೆ ಬರೋಣ. ‘ಐದು ಸೆಕೆಂಡಿನಲ್ಲಿ ಉತ್ತರ’ ಎಂಬ ವಿಡಿಯೊಗಳನ್ನು ನೋಡಿದ ಮಕ್ಕಳು ಇಂಥ ನೂರು ಟ್ರಿಕ್ ಕಲಿತರೆ ಗೆದ್ದಂತೆ ಎಂದುಕೊಳ್ಳುತ್ತಾರೆ. ಎಲ್ಲ ಟ್ರಿಕ್ಕುಗಳೂ ಮೋಸ ಎನ್ನುವ ಮೇಷ್ಟರುಗಳೂ ಇದ್ದಾರೆ. ಇಬ್ಬರದೂ ಪೂರ್ತಿ ನಿಜವಲ್ಲ. ಒಂದು ಉದಾಹರಣೆ: ಸೈನ್‌ನ ನಾಲ್ಕನೆಯ ಘಾತಕ್ಕೆ ಕಾಸ್‌ನ ನಾಲ್ಕನೆಯ ಘಾತವನ್ನು ಕೂಡಿಸಿದರೆ ಏನು ಬರುತ್ತದೆ ಎಂಬ ಪ್ರಶ್ನೆ. ಸೈನ್ ವರ್ಗ ಮತ್ತು ಕಾಸ್ ವರ್ಗಗಳ ಗುಣಲಬ್ಧವನ್ನು ‘ಗ’ ಎನ್ನೋಣ. ಆಯ್ಕೆಗಳು ನಾಲ್ಕು: 1 – 2ಗ, 1 – ಗ, 1 + 2ಗ, ಬರೀ 1. ಬಿಡಿಸದೆ ಕೋನಕ್ಕೊಂದು ಬೆಲೆ ಹಾಕಿ ನೋಡುವುದು ಒಳ್ಳೆಯ ಉಪಾಯವೇ. ಅವಸರದಲ್ಲಿ ಸೊನ್ನೆ ಡಿಗ್ರಿ ಹಾಕಿದರೆ ಮಾತ್ರ ನಾಲ್ಕೂ ಆಯ್ಕೆಗಳು 1 ಆಗಿ ಕೂರುತ್ತವೆ, ಮಾಡಿದ ಕೆಲಸ ದಂಡ. 45 ಡಿಗ್ರಿ ಹಾಕಿ: ಮೊತ್ತ ಅರ್ಧ, ‘ಗ’ ಕಾಲು. ಆಯ್ಕೆಗಳು ಕ್ರಮವಾಗಿ ಅರ್ಧ, ಮುಕ್ಕಾಲು, ಒಂದೂವರೆ, ಒಂದು. ಮೊದಲನೆಯದೇ ಉತ್ತರ. ಉಪಾಯ ಒಂದೇ, ಫಲ ಬೇರೆ. ಯಾವ ಬೆಲೆ ಹಾಕಿದರೆ ಆಯ್ಕೆಗಳು ಬೇರೆಬೇರೆಯಾಗುತ್ತವೆ ಎಂಬುದು ಸೂತ್ರದ ಸ್ವಭಾವ ಗೊತ್ತಿದ್ದವರಿಗಷ್ಟೇ ಹೊಳೆಯುತ್ತದೆ.

ಡೆಫಿನಿಟ್ ಇಂಟಿಗ್ರಲ್‌ಗಳಲ್ಲಿ ಇದು ಇನ್ನೂ ನಿಚ್ಚಳ. ಸೊನ್ನೆಯಿಂದ ಪೈ ಬೈ ಎರಡರವರೆಗೆ, ಮೇಲೆ ಸೈನ್, ಕೆಳಗೆ ಸೈನ್ ಪ್ಲಸ್ ಕಾಸ್. ಇದಕ್ಕೆ ಉತ್ತರ ಪೈ ಬೈ ನಾಲ್ಕು ಎಂದು ಬಾಯಿಪಾಠ ಮಾಡಿದವರು ಸೈನ್ ಮತ್ತು ಕಾಸ್‌ಗಳ ಜಾಗದಲ್ಲಿ ಅವುಗಳ ವರ್ಗಮೂಲ ಬಂದರೆ ಕಂಗಾಲಾಗುತ್ತಾರೆ. ಎಕ್ಸ್ ಇದ್ದಲ್ಲಿ ಪೈ ಬೈ ಎರಡು ಮೈನಸ್ ಎಕ್ಸ್ ಹಾಕಿದರೆ ಸೈನ್ ಕಾಸ್ ಆಗುತ್ತದೆ, ಹಳೆಯದನ್ನೂ ಹೊಸದನ್ನೂ ಕೂಡಿಸಿದರೆ ಒಳಗೆ 1 ಮಾತ್ರ ಉಳಿಯುತ್ತದೆ ಎಂದು ಅರ್ಥ ಮಾಡಿಕೊಂಡವರಿಗೆ ವರ್ಗಮೂಲವಾದರೇನು, ಘನವಾದರೇನು? ಉತ್ತರ ಅದೇ. ಪೆನ್ನು ಎತ್ತುವ ಅಗತ್ಯವೂ ಇಲ್ಲ. ಹೊರಗಿನಿಂದ ನೋಡುವವರಿಗೆ ಇದು ವೇಗದಂತೆ ಕಾಣುತ್ತದೆ. ನಿಜವಾಗಿ ಇದು ಗುರುತು ಹಿಡಿಯುವ ಶಕ್ತಿ.

ಆ ಶಕ್ತಿಯನ್ನು ಬೆಳೆಸುವ ಬಗೆಯಲ್ಲೇ ನಮ್ಮ ದೊಡ್ಡ ತಪ್ಪು ಕಲ್ಪನೆ ಅಡಗಿದೆ. ಒಂದು ಅಧ್ಯಾಯ ಹಿಡಿದು, ಅದೇ ಬಗೆಯ ಐವತ್ತು ಲೆಕ್ಕ ಒಂದೇ ಸಮನೆ ಬಿಡಿಸಿದರೆ ಅದು ಕರಗತವಾಗುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಇದನ್ನು ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಅಪರಿಚಿತ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಲಾಯಿತು. ಒಂದು ಗುಂಪು ಒಂದೊಂದೇ ಬಗೆಯನ್ನು ಒಟ್ಟಿಗೆ ಅಭ್ಯಾಸ ಮಾಡಿತು. ಇನ್ನೊಂದಕ್ಕೆ ಎಲ್ಲ ಬಗೆಯೂ ಕಲಸಿದ ಲೆಕ್ಕಗಳು. ಅಭ್ಯಾಸದ ವೇಳೆ ಮೊದಲ ಗುಂಪು ಶೇ. 89ರಷ್ಟು ಸರಿಯುತ್ತರ ಕೊಟ್ಟರೆ ಎರಡನೆಯದು ಶೇ. 60ರಷ್ಟು. ವಾರದ ಮೇಲೆ ನಡೆದ ಪರೀಕ್ಷೆಯಲ್ಲಿ ಫಲಿತಾಂಶ ತಲೆಕೆಳಗಾಯಿತು: ಮೊದಲನೆಯದು ಶೇ. 20, ಕಲಸಿ ಅಭ್ಯಾಸ ಮಾಡಿದವರದು ಶೇ. 63.

ಕಾರಣ ಊಹಿಸುವುದು ಕಷ್ಟವಲ್ಲ. ‘ಡಿಟರ್ಮಿನೆಂಟ್ಸ್’ ಎಂಬ ತಲೆಬರಹದ ಕೆಳಗಿನ ಲೆಕ್ಕಕ್ಕೆ ಯಾವ ಮಾರ್ಗ ಎಂದು ಯೋಚಿಸಬೇಕಿಲ್ಲ, ತಲೆಬರಹವೇ ಹೇಳಿಬಿಟ್ಟಿರುತ್ತದೆ. ಸಿಇಟಿ ಪತ್ರಿಕೆಯಲ್ಲಿ ತಲೆಬರಹ ಇರುವುದಿಲ್ಲ. ಪ್ರಾಬಬಿಲಿಟಿಯ ಪಕ್ಕದಲ್ಲಿ ವೆಕ್ಟರ್, ಅದರ ಪಕ್ಕದಲ್ಲಿ ಪ್ರಥಮ ಪಿಯುಸಿಯ ಸರಳರೇಖೆ. (ಪ್ರಥಮ ಪಿಯುಸಿ ಪುಸ್ತಕವನ್ನು ಅಟ್ಟಕ್ಕೆ ಹಾಕಿದವರು ಇಳಿಸಿಕೊಳ್ಳುವುದು ಒಳ್ಳೆಯದು, ಸಿಇಟಿಗೆ ಎರಡೂ ವರ್ಷದ ಪಾಠ ಬೇಕು.) ಮನೆಯಲ್ಲಿ ಎಲ್ಲ ಬರುತ್ತಿತ್ತು, ಹಾಲ್‌ನಲ್ಲಿ ಏನೂ ಹೊಳೆಯಲಿಲ್ಲ ಎಂದು ಅಳುವ ಮಕ್ಕಳಲ್ಲಿ ಹಲವರು ಅಧ್ಯಾಯವಾರು ಅಭ್ಯಾಸಕ್ಕೆ ಬಲಿಯಾದವರು. ಪಾಠ ಮೊದಲ ಸಲ ಕಲಿಯುವಾಗ ಅಧ್ಯಾಯವಾರು ಇರಲಿ. ಆಮೇಲೆ ದಿನಕ್ಕೆ ಇಪ್ಪತ್ತು ಲೆಕ್ಕ ಸಾಕು, ಆದರೆ ಹತ್ತು ಬೇರೆ ಬೇರೆ ಪಾಠಗಳಿಂದ ಬರಲಿ. ಅಂಕ ಕಡಿಮೆ ಬಂದಂತೆ ಕಾಣುತ್ತದೆ, ಮನಸ್ಸಿಗೆ ಬೇಸರವಾಗುತ್ತದೆ. ಬಹುಶಃ ಅದಕ್ಕೇ ಇದನ್ನು ಯಾರೂ ಮಾಡುವುದಿಲ್ಲ.

ಜೆಇಇ ಪುಸ್ತಕ ಅರೆದು ಕುಡಿದರೆ ಸಿಇಟಿ ನೀರು ಕುಡಿದಂತೆ ಎಂಬ ಮಾತು ಅರ್ಧ ಸತ್ಯ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ ಮೂರೂ ವಿಷಯಗಳ 75 ಪ್ರಶ್ನೆ, ಅಂದರೆ ಸರಾಸರಿ ಎರಡು ನಿಮಿಷ 24 ಸೆಕೆಂಡು. ಒಂದೇ ಲೆಕ್ಕವನ್ನು ಆಳಕ್ಕೆ ಅಗೆಯುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುತ್ತದೆ. ಸಿಇಟಿ ಬಯಸುವುದು ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯದ ಸರಾಗ ಬಳಕೆಯನ್ನು. ಜೊತೆಗೆ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ಪಾಲು, ಸಿಇಟಿಗೆ ಇನ್ನರ್ಧ ಎಂಬುದನ್ನು ಮರೆತು ಬೋರ್ಡ್ ಪರೀಕ್ಷೆಯನ್ನು ಉಪೇಕ್ಷಿಸುವವರು ಇಂದಿಗೂ ಇದ್ದಾರೆ.

ಮಾಕ್ ಟೆಸ್ಟ್‌ಗಳ ಬಗ್ಗೆ ಹೇಳಬೇಕಾದ್ದು ಸ್ವಲ್ಪ. ಸಂಖ್ಯೆಯಿಂದ ಅಂಕ ಏರುವುದಿಲ್ಲ. ಟೆಸ್ಟ್ ಬರೆಯಲು 80 ನಿಮಿಷ ಹಿಡಿದರೆ ತಪ್ಪುಗಳ ಮುಂದೆ ಕೂರಲು ಅಷ್ಟೇ ಹೊತ್ತು ಬೇಕು. ಪಾಠವೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಮಾರ್ಗ ಹೊಳೆಯಲಿಲ್ಲವೇ, ಕೂಡಿಸುವಾಗ ಜಾರಿತೇ, ಪ್ರಶ್ನೆಯಲ್ಲಿದ್ದ ‘ಅಲ್ಲ’ ಎಂಬ ಪದ ಕಣ್ಣಿಗೆ ಬೀಳಲಿಲ್ಲವೇ? ಒಂದೊಂದಕ್ಕೂ ಮದ್ದು ಬೇರೆ. ಎಲ್ಲವನ್ನೂ ‘ಸಿಲ್ಲಿ ಮಿಸ್ಟೇಕ್’ ಎಂದು ಕರೆದು ಮುಂದಿನ ಟೆಸ್ಟಿಗೆ ಹಾರುವವರ ಅಂಕ ನಿಂತಲ್ಲೇ ನಿಂತಿರುತ್ತದೆ.

‘ಮೊದಲು ಹೊಳೆದ ಉತ್ತರವೇ ಸರಿ, ಬದಲಾಯಿಸಬೇಡ’ ಎಂಬ ಬುದ್ಧಿವಾದ ಕೇಳದವರು ಯಾರು? ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಾವಿರದೈನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರ ಹಾಳೆಗಳಲ್ಲಿ ರಬ್ಬರಿನ ಗುರುತುಗಳನ್ನು ಎಣಿಸಿದ್ದರು. ಬದಲಾದ ಉತ್ತರಗಳಲ್ಲಿ ಶೇ. 51 ತಪ್ಪಿನಿಂದ ಸರಿಗೆ ಹೋಗಿದ್ದವು, ಸರಿಯಿಂದ ತಪ್ಪಿಗೆ ಹೋದವು ಶೇ. 25 ಮಾತ್ರ. ಹಾಗಿದ್ದೂ ನಂಬಿಕೆ ಅಳಿಯದಿರಲು ಕಾರಣವಿದೆ: ಸರಿಯಿದ್ದದ್ದನ್ನು ತಿದ್ದಿ ಕೆಡಿಸಿಕೊಂಡ ಹೊಟ್ಟೆಯುರಿ ವರ್ಷಗಟ್ಟಲೆ ನೆನಪಿರುತ್ತದೆ, ತಿದ್ದಿ ಗೆದ್ದದ್ದು ಮರೆತುಹೋಗುತ್ತದೆ.

ಆದರೆ ಅವರ ಕೈಯಲ್ಲಿ ರಬ್ಬರ್ ಇತ್ತು. ಸಿಇಟಿಯ ಒಎಂಆರ್ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು, ಎರಡು ವೃತ್ತ ತುಂಬಿದರೆ ಆ ಪ್ರಶ್ನೆ ಹೋದಂತೆ. ಹಾಗಾಗಿ ಮರುಯೋಚನೆ ಪ್ರಶ್ನೆಪತ್ರಿಕೆಯ ಮೇಲೆಯೇ ಮುಗಿಯಬೇಕು. ಉತ್ತರವನ್ನು ಅಲ್ಲೇ ಗುರುತು ಮಾಡಿಕೊಂಡು, ಒಂದು ಪುಟ ಮುಗಿದ ಮೇಲೆ ಅನುಮಾನವಿಲ್ಲದವುಗಳನ್ನು ಮಾತ್ರ ಒಟ್ಟಿಗೆ ತುಂಬುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಎಲ್ಲವನ್ನೂ ಕೊನೆಗೆ ಇಟ್ಟುಕೊಂಡರೆ ಬೆಲ್‌ನ ಭಯ. ಬಿಟ್ಟ ಪ್ರಶ್ನೆಯ ಸಾಲು ತಪ್ಪಿ ಒಂದರ ಉತ್ತರ ಇನ್ನೊಂದಕ್ಕೆ ಹೋದರೆ ಅಲ್ಲಿಂದ ಮುಂದಿನದೆಲ್ಲ ಹಾಳು. ಮಾಕ್ ಟೆಸ್ಟನ್ನು ಫೋನಿನಲ್ಲಿ ಬೆರಳು ಒತ್ತಿ ಬರೆಯುವವರಿಗೆ ಈ ಕಷ್ಟ ಗೊತ್ತಾಗುವುದೇ ಪರೀಕ್ಷೆಯ ದಿನ. ಒಎಂಆರ್ ಮಾದರಿಯನ್ನು ಪ್ರಿಂಟ್ ತೆಗೆದು ಬಳಸಲು ಹೆಚ್ಚು ದುಡ್ಡು ಬೇಕಿಲ್ಲ.

ಉಳಿದದ್ದು ಊಹೆಯ ಮಾತು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಪ್ರಾಮಾಣಿಕತೆಯ ಹೆಸರಿನಲ್ಲೋ ಹೆದರಿಕೆಯಿಂದಲೋ ಖಾಲಿ ಬಿಡುವವರಿದ್ದಾರೆ. ಹತ್ತು ಪ್ರಶ್ನೆಗೆ ಕಣ್ಣುಮುಚ್ಚಿ ತುಂಬಿದರೆ ಸರಾಸರಿ ಎರಡೂವರೆ ಅಂಕ, ತಲಾ ಎರಡು ಆಯ್ಕೆ ತಳ್ಳಿಹಾಕಲು ಸಾಧ್ಯವಾದರೆ ಐದು. ಎಲ್ಲಕ್ಕೂ ‘ಸಿ’ ತುಂಬಿದರೆ ಹೆಚ್ಚು ಸಿಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕುರುಡು ಊಹೆಗೆ ಎಲ್ಲ ಅಕ್ಷರಗಳೂ ಸಮ. ಜೆಇಇ ಮೇನ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1 ಇರುವುದರಿಂದ ಅಲ್ಲಿ ಊಹೆ ನಿಷಿದ್ಧ ಎನ್ನುತ್ತಾರೆ. ನಾಲ್ಕು ಆಯ್ಕೆಯ ಪ್ರಶ್ನೆಗೆ ಲೆಕ್ಕ ಹಾಕಿ: ನಾಲ್ಕು ಕುರುಡು ಊಹೆಗಳಲ್ಲಿ ಸರಾಸರಿ ಒಂದು ಸರಿಯಾಗಿ 4 ಬರುತ್ತದೆ, ಮೂರು ತಪ್ಪಾಗಿ 3 ಹೋಗುತ್ತದೆ. ಅಲ್ಲೂ ನಷ್ಟವಿಲ್ಲ, ಊಹೆಗೆ ಸರಾಸರಿ ಕಾಲು ಅಂಕದ ಲಾಭ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ ಅದು ಮೂರನೆಯ ಎರಡು ಅಂಕಕ್ಕೆ ಏರುತ್ತದೆ. ದುರದೃಷ್ಟದ ದಿನ ನಾಲ್ಕೂ ತಪ್ಪಾಗಿ ನಾಲ್ಕು ಅಂಕ ಕೈಬಿಡಬಹುದು ಎಂಬ ಭಯ ಅಲ್ಲಿ ನಿಜವೇ. ಸಿಇಟಿಯಲ್ಲಿ ಆ ಭಯಕ್ಕೂ ಜಾಗವಿಲ್ಲ, ಕೊನೆಯ ಐದು ನಿಮಿಷದಲ್ಲಿ ಒಂದು ಸಾಲೂ ಖಾಲಿ ಉಳಿಯಬಾರದು.