ಚುಕ್ಕಾಣಿಯ ಎಣ್ಣೆ ಎಲ್ಲಿಗೆ ಹೋಯಿತು?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುವ ಕಾಲ ಅದು. ಬಲೆ ಸರಿಪಡಿಸುವವರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚುವವರು ಎಲ್ಲರಿಗೂ ಕೈತುಂಬ ಕೆಲಸ. ಈ ಗದ್ದಲದಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ ಕಸುಬು ಹೈಡ್ರಾಲಿಕ್ ಸ್ಟೇರಿಂಗ್ ರಿಪೇರಿ.

ಚಕ್ರದಿಂದ ಚುಕ್ಕಾಣಿಗೆ ಸರಪಳಿ ಎಳೆದ ಬೋಟುಗಳಲ್ಲಿ ಅಲೆಯ ಏಟು ನೇರ ಬೋಟು ನಡೆಸುವ ತಂಡೇಲನ ತೋಳಿಗೇ ಬರುತ್ತದೆ. ಹೈಡ್ರಾಲಿಕ್‌ನಲ್ಲಿ ಆ ಭಾರ ಹೊರುವುದು ಎಣ್ಣೆ. ಚಕ್ರ ತಿರುಗಿಸಿದರೆ ಅದರ ಹಿಂದಿರುವ ಪುಟ್ಟ ಪಂಪು ಎರಡು ಪೈಪುಗಳಲ್ಲೊಂದಕ್ಕೆ ಎಣ್ಣೆ ನೂಕುತ್ತದೆ, ಬೋಟಿನ ಹಿಂಭಾಗದಲ್ಲಿರುವ ಸಿಲಿಂಡರಿನ ರಾಡು ಸರಿದು ಚುಕ್ಕಾಣಿಯನ್ನು ಹೊರಳಿಸುತ್ತದೆ. ಪವರ್ ಸ್ಟೇರಿಂಗ್ ಆದರೆ ಎಂಜಿನ್ನಿನಿಂದ ಓಡುವ ಪಂಪೊಂದು ಬಲ ಕೊಡುತ್ತದೆ.

ಹೈಡ್ರಾಲಿಕ್ ಸ್ಟೇರಿಂಗಿನ ಮೊದಲ ಶತ್ರು ಗಾಳಿ. ಎಣ್ಣೆಯನ್ನು ಒತ್ತಿ ಕುಗ್ಗಿಸುವುದು ಕಷ್ಟ, ಗಾಳಿಯನ್ನು ಸುಲಭ. ಪೈಪಿನೊಳಗೆ ಗುಳ್ಳೆ ಸೇರಿತೆಂದರೆ ಚಕ್ರ ತಿರುಗುತ್ತದೆ, ಬೋಟು ತಿರುಗುವುದಿಲ್ಲ. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಚಕ್ರದ ಬಳಿ, ಇನ್ನೊಬ್ಬ ಹಿಂದೆ ಸಿಲಿಂಡರಿನ ಪಕ್ಕ ಮಲಗಿ, ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಅದರ ತುದಿಯನ್ನು ಬಾಟಲಿಗೆ ಇಳಿಬಿಡುತ್ತಾನೆ. ಚಕ್ರದ ಬಳಿಯವನು ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸುತ್ತಾನೆ. ಮೊದಲು ನೊರೆ, ಆಮೇಲೆ ಬಿಡಿಬಿಡಿ ಗುಳ್ಳೆ, ಕಡೆಗೆ ಕಡಿಯದ ಎಣ್ಣೆಯ ಧಾರೆ. ಆಗ ನಿಪ್ಪಲ್ ಬಿಗಿದು ಇನ್ನೊಂದು ಬದಿ. ಈ ನಡುವೆ ಟ್ಯಾಂಕಿನ ಎಣ್ಣೆ ತಳ ಕಂಡರೆ ಮತ್ತೆ ಗಾಳಿ ಎಳೆದುಕೊಂಡು ಎಲ್ಲವೂ ಮೊದಲಿನಿಂದ. ಅವಸರದವರಿಗೆ ಹೇಳಿದ ಕೆಲಸವಲ್ಲ.

ಎರಡನೆಯ ಶತ್ರು ಉಪ್ಪು. ರಾಡಿನ ಮೇಲೆ ಉಪ್ಪುನೀರು ಒಣಗಿ ಒಣಗಿ ಸಣ್ಣ ಕುಳಿ ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಎಳೆದರೆ ತಿಳಿಯುತ್ತದೆ. ರಾಡು ಹೋಗಿ ಬಂದಾಗಲೆಲ್ಲ ಆ ಕುಳಿಯ ಅಂಚು ಸೀಲನ್ನು ಕೆರೆಯುತ್ತದೆ. ರಾಡು ಹಾಗೆಯೇ ಬಿಟ್ಟು ಹೊಸ ಸೀಲು ಹಾಕಿಸುವುದು ದುಡ್ಡು ನೀರಿಗೆ ಹಾಕಿದಂತೆಯೇ ಸರಿ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಪೂರ್ತಿ ಬಸಿದು ಹೊಸದು ತುಂಬಬೇಕು. ತುಂಬುವುದೂ ತಯಾರಕರು ಹೇಳಿದ ಎಣ್ಣೆಯನ್ನೇ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಇಂಥ ಸ್ಟೇರಿಂಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಹೊರಗೆ ಒಂದು ಹನಿಯೂ ಸೋರದೆ, ಚುಕ್ಕಾಣಿ ಕೊನೆ ಮುಟ್ಟಿದ ಮೇಲೂ ಚಕ್ರ ಸಲೀಸಾಗಿ ತಿರುಗುತ್ತಲೇ ಇದ್ದರೆ? ಎಣ್ಣೆ ಒಳಗೊಳಗೇ ಪಿಸ್ಟನ್ ಸೀಲು ದಾಟುತ್ತಿರಬಹುದು, ಇಲ್ಲವೇ ವಾಲ್ವಿನಲ್ಲಿ ಕಸ ಕೂತಿರಬಹುದು.

ಆದರೆ ಎಲ್ಲಕ್ಕಿಂತ ಕೆಟ್ಟದ್ದು ‘ಟಾಪ್ ಅಪ್’ ಚಾಳಿ. ಹೈಡ್ರಾಲಿಕ್ ಸ್ಟೇರಿಂಗ್ ಮುಚ್ಚಿದ ವ್ಯವಸ್ಥೆ. ಎಂಜಿನ್ನಿನಂತೆ ಎಣ್ಣೆ ಸುಡುವುದಿಲ್ಲ, ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ. ಸೋರಿದ್ದನ್ನು ಹುಡುಕದೆ ಸುರಿಯುತ್ತ ಹೋಗುವುದು ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ನುಂಗುವ ಬುದ್ಧಿ.

ದೊಡ್ಡ ಹಡಗುಗಳಿಗೂ ಇದೇ ಪಾಡು. 1978ರ ಮಾರ್ಚ್ 16ರಂದು ಫ್ರಾನ್ಸಿನ ಬ್ರಿಟನಿ ತೀರದಾಚೆ ‘ಅಮೋಕೊ ಕಾಡಿಜ್’ ಟ್ಯಾಂಕರಿನ ಸ್ಟೇರಿಂಗ್ ಪೈಪಿನ ಬೋಲ್ಟುಗಳು ತುಂಡಾಗಿ ಹೈಡ್ರಾಲಿಕ್ ಎಣ್ಣೆ ಚಿಮ್ಮಿಹೋಯಿತು. ಚುಕ್ಕಾಣಿ ಸತ್ತ ಹಡಗು ಅದೇ ರಾತ್ರಿ ಬಂಡೆಗೆ ಬಡಿಯಿತು. ಸುಮಾರು 2.2 ಲಕ್ಷ ಟನ್ ಕಚ್ಚಾತೈಲ ಸಮುದ್ರ ಸೇರಿತು. ಸ್ಟೇರಿಂಗನ್ನು ಸರಿಯಾಗಿ ನೋಡಿಕೊಳ್ಳದ್ದು ಮಾಲೀಕ ಸಂಸ್ಥೆಯ ನಿರ್ಲಕ್ಷ್ಯವೆಂದು 1984ರಲ್ಲಿ ಶಿಕಾಗೋದ ನ್ಯಾಯಾಲಯ ತೀರ್ಪಿತ್ತಿತು.

ಬೋಟಿನ ಮಾಲೀಕರೇ, ಆಗಸ್ಟಿನಲ್ಲಿ ಅಳಿವೆ ದಾಟುವ ಮುನ್ನ ರಾಡು ಒರೆಸಿ ನೋಡಿ, ಹೋಸು ಮರಕ್ಕೋ ಕಬ್ಬಿಣಕ್ಕೋ ಉಜ್ಜುತ್ತಿದೆಯೇ ಎಂದು ಕೈಯಾಡಿಸಿ. ಒಂದು ಕ್ಯಾನ್ ಸರಿಯಾದ ಎಣ್ಣೆ, ಒಂದು ಜೊತೆ ಸೀಲು, ಚುಕ್ಕಾಣಿಯನ್ನು ಕೈಯಲ್ಲೇ ತಿರುಗಿಸುವ ತುರ್ತು ಹಿಡಿಕೆ ಬೋಟಿನಲ್ಲಿರಲಿ. ಆ ಹಿಡಿಕೆ ಎಲ್ಲಿದೆಯೆಂದು ತಂಡೇಲನಿಗಷ್ಟೇ ಅಲ್ಲ, ಬೋಟಿನಲ್ಲಿರುವ ಎಲ್ಲರಿಗೂ ಗೊತ್ತಿರಲಿ.