ಡೀಸೆಲ್ ತೆರಿಗೆ, ಬಜೆಟ್ ಕೊರತೆ, ಸಂತಿ ರೇಟು: ಮೂರಕ್ಕೂ ಇರೋ ನಂಟೇನು?

ರಾಯಚೂರು: ದೇವದುರ್ಗ, ಮಾನ್ವಿಯಿಂದ ರಾಯಚೂರು ಎಪಿಎಂಸಿಗೆ ಹತ್ತಿ, ಭತ್ತ ತರುವ ಗಾಡಿ ಬಾಡಿಗೆಗೂ ವಿಧಾನಸೌಧದ ಬಜೆಟ್‌ಗೂ ಏನು ಸಂಬಂಧ? ಸಂಬಂಧ ಇದೆ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಲೀಟರ್‌ಗೆ ಸುಮಾರು ರೂ.3 ಜಾಸ್ತಿಯಾಯ್ತು. ಆ ತಿಂಗಳು ದೇಶದಲ್ಲಿ ಆಹಾರ ಪದಾರ್ಥಗಳ ಹಣದುಬ್ಬರ ಶೇ 9 ದಾಟಿತ್ತು.

ಕೊರತೆ ಅಂದ್ರೆ ಏನು?

ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿಗೇ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ. ಕಾಲುವೆ, ರಸ್ತೆ ಸೇರಿ ಒಟ್ಟು ಖರ್ಚಿಗೆ ಮಾಡುವ ಸಾಲ ವಿತ್ತೀಯ ಕೊರತೆ. ಬೋರ್‌ವೆಲ್‌ಗೆ ಸಾಲ ಮಾಡೋದು ಬೇರೆ, ಸಂತಿಗೆ ಸಾಲ ಮಾಡೋದು ಬೇರೆ.

ಬೆಲೆ ಏರಿಕೆಗೆ ಏನು ನಂಟು?

ಮಾರುಕಟ್ಟೆಯಲ್ಲಿ ಸರಕು ಅಷ್ಟೇ ಇದ್ದು, ಸಾಲದ ಹಣ ಹರಿದುಬಂದರೆ ರೇಟು ಏರುತ್ತದೆ. ಬೆಲೆ ತಗ್ಗಿಸಲು ಆರ್‌ಬಿಐ 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಇಂಥ ಹೊತ್ತಲ್ಲಿ ಸರ್ಕಾರಗಳು ಸಾಲ ಹೆಚ್ಚಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ.

ಮಿತಿ ಎಷ್ಟು?

ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರದ್ದು. ವಿತ್ತೀಯ ಕೊರತೆ ರಾಜ್ಯದ ಜಿಎಸ್‌ಡಿಪಿಯ ಶೇ 3, ಒಟ್ಟು ಸಾಲ ಶೇ 25 ದಾಟಬಾರದು. ರಾಜಸ್ವ ಕೊರತೆ ಇರಲೇಬಾರದು. 2025-26ರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಶೇ 2.95, ಸಾಲ ಶೇ 24.91. ಅಂಚಿಗೆ ಬಂದು ನಿಂತಿದೆ. ರಾಜಸ್ವ ಕೊರತೆ ಹಿಂದಿನ ಬಜೆಟ್‌ನ ರೂ.27,354 ಕೋಟಿಯಿಂದ ರೂ.19,262 ಕೋಟಿಗೆ ಇಳಿದರೂ ಪೂರ್ತಿ ಹೋಗಿಲ್ಲ.

ಇಳಿಸೋದು ಹೇಗೆ?

ದಾರಿ ಮೂರು. ತೆರಿಗೆ ಏರಿಸಬಹುದು, ಆದರೆ ಡೀಸೆಲ್ ತೆರಿಗೆ ಏರಿದರೆ ಬಾಡಿಗೆ, ಉಳುಮೆ ಖರ್ಚು ಏರಿ ರೇಟು ಮತ್ತೆ ಮೇಲಕ್ಕೆ. ಗ್ಯಾರಂಟಿ ಕಡಿತ ಮಾಡಬಹುದು. ಅವಕ್ಕೆ 2025-26ರಲ್ಲಿ ಇಟ್ಟಿದ್ದು ರೂ.51,034 ಕೋಟಿ. ಆದರೆ ಬೇಳೆ, ಎಣ್ಣೆ ತುಟ್ಟಿಯಾದಾಗ ಗೃಹಲಕ್ಷ್ಮಿಯ ರೂ.2,000 ನಂಬಿದ ಮನೆಗೇ ಮೊದಲ ಪೆಟ್ಟು. ಕಾಮಗಾರಿ ಮುಂದೂಡಬಹುದು, ಅದು ಸುಲಭ, ಗಲಾಟೆಯೂ ಕಡಿಮೆ. ಆದರೆ ಕಾಲುವೆ, ಗೇಟು ಹಾಳಾದರೆ ಏನಾಗುತ್ತೆ ಅನ್ನೋದು 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಮಾನ್ವಿ ಭಾಗದ ಭತ್ತದ ರೈತರಿಗೆ ಗೊತ್ತಾಗಿದೆ. ನೀರು ಹೋದರೆ ಬೆಳೆ ಕಡಿಮೆ, ರೇಟು ಜಾಸ್ತಿ.

ಹೀಗಾಗಿ ಮುಂದಿನ ಬಜೆಟ್‌ನಲ್ಲಿ ಕೊರತೆ ಎಷ್ಟು ಇಳಿಯಿತು ಅನ್ನೋದಷ್ಟೇ ನೋಡಿದರೆ ಸಾಲದು. ಯಾರ ಜೇಬಿನಿಂದ, ಯಾವ ಕೆಲಸ ನಿಲ್ಲಿಸಿ ಇಳಿಸಿದರು ಅನ್ನೋದನ್ನೂ ನೋಡಬೇಕು.